ಅಳಿಯಂದ್ರು ಬಾಣ ಮಸೆದದ್ದು

ನನಗಾಗ ಅರವತ್ತೇಳು ವರ್ಷ. ಇದು ಎಂಟು ವರ್ಷದ ಹಿಂದಿನ ಮಾತು. ಅಷ್ಟು ವಯಸ್ಸಾಗಿದ್ದರೂ ಮನುಷ್ಯರ ಕೈಯಲ್ಲಿ ಬಿಲ್ಲು ಬಾಣ ನಾನು ನೋಡಿದ್ದು ಬಯಲಾಟದಲ್ಲಿ ಮಾತ್ರ. ಅದೂ ಬಿದಿರು ಕಡ್ಡಿಗೆ ಬೇಗಡೆ ಸುತ್ತಿದ್ದು. ನಿಜವಾದ ಬಾಣ ನೋಡೋಕೆ ನಾನು ಬ್ರಿಸ್ಬೇನಿಗೇ ಬರಬೇಕಾಯಿತು. ಕಂಡದ್ದೆಲ್ಲಿ? ಮಗಳ ಮನೆಯ ಊಟದ ಟೇಬಲ್ ಮೇಲೆ, ಉಪ್ಪಿನಕಾಯಿ ಜಾಡಿ ಪಕ್ಕದಲ್ಲಿ.

ಇವತ್ತು ಕೊತ್ತಂಬರಿ ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚುವಾಗ ಅದೆಲ್ಲ ನೆನಪಾಗಿ ಒಬ್ಬಳೇ ನಕ್ಕೆ. ಬಾಣಕ್ಕೂ ರಬ್ಬರ್ ಬ್ಯಾಂಡಿಗೂ ಎಲ್ಲಿಯ ಸಂಬಂಧ ಅಂತೀರಾ? ಇದೆ. ತಾಳಿ, ಹೇಳ್ತೀನಿ.

ನನ್ನ ಮಗಳು ಜಯ ಬ್ರಿಸ್ಬೇನ್ ಪಕ್ಕದ ಇಪ್ಸ್‌ವಿಚ್‌ನಲ್ಲಿ ಒಂದು ಆಸ್ಪತ್ರೆಯಲ್ಲಿ ನರ್ಸ್. ಅವಳ ಗಂಡ ಶ್ರೀವತ್ಸ, ಎಂಜಿನಿಯರು, ಮೈಸೂರಿನವನು. ನಮ್ಮದು ಮಂಡ್ಯ ಕಡೆ, ಭಾನುವಾರ ಬಾಡು ಬೇಯದಿದ್ದರೆ ಮನೇಲಿ ಯಾರಿಗೋ ಹುಷಾರಿಲ್ಲ ಅಂತ ಪಕ್ಕದವರು ವಿಚಾರಿಸಿಕೊಂಡು ಬರುವಂಥ ಮನೆ. ಅವರದು ಬೆಳ್ಳುಳ್ಳಿಯನ್ನೂ ಹೊಸಿಲ ಆಚೆ ಇಡುವ ಮನೆ. ಇಬ್ಬರೂ ಒಪ್ಪಿ ಮಾಡಿಕೊಂಡರು. ನಾನು ಬೇಡ ಅನ್ನಲಿಲ್ಲ, ಬೇಡ ಅಂದಿದ್ದರೆ ಕೇಳುವವರೂ ಇರಲಿಲ್ಲ. ಇಲ್ಲಿಗೆ ಬಂದಮೇಲೆ ಅಳಿಯ ಎಲ್ಲ ತಿನ್ನೋದು ಕಲಿತ. ಆದರೆ ಅವನು ತಿನ್ನುವ ಕೋಳಿಗೆ ಚರ್ಮ ಇರಬಾರದು, ಮೂಳೆ ಇರಬಾರದು, ಅದು ಯಾವತ್ತಾದರೂ ಓಡಾಡಿತ್ತು ಅನ್ನುವ ಗುರುತು ಇರಬಾರದು. ನಾನು ಈಳಿಗೆಮಣೆ ಹಾಕಿಕೊಂಡು ಇಡೀ ಕೋಳಿ ಹೆಚ್ಚೋಕೆ ಕೂತರೆ ಅವನು ಹಿತ್ತಲಿಗೆ ಹೋಗಿ ಗುಲಾಬಿ ಗಿಡ ನೋಡುತ್ತಾ ನಿಂತುಬಿಡುತ್ತಿದ್ದ. ಇಂಥವನು ಬೇಟೆಗಾರ!

ಚಟ ಹತ್ತಿದ್ದು ಪರ್ತ್‌ನಲ್ಲಿ. ಅಲ್ಲಿ ಗಣಿ ಕೆಲಸದಲ್ಲಿದ್ದಾಗ ಎರಡು ವಾರ ಗಣಿ, ಒಂದು ವಾರ ರಜ. ರಜದಲ್ಲಿ ಜೊತೆ ಕೆಲಸದ ಬಿಳಿಯರು ಬಾ ಅಂದರು, ಹೋದ. ಬ್ರಿಸ್ಬೇನಿಗೆ ವರ್ಗವಾದಾಗ ಪಾತ್ರೆಪಡಗದ ಜೊತೆ ಬಿಲ್ಲೂ ಬಂತು. ಬಿಲ್ಲು ಅಂದರೆ ನೀವು ಅಂದುಕೊಂಡ ಬಿಲ್ಲಲ್ಲ. ಎರಡು ಕಡೆ ಗಾಲಿ, ನಡುವೆ ಮೂರು ನಾಲ್ಕು ದಾರ, ಗುರಿ ನೋಡೋಕೆ ಒಂದು ಗಾಜು. ಮಗ್ಗದ ಮರಿ ಇದ್ದಹಾಗೆ ಇತ್ತು. ಅದಕ್ಕೆ ತಕ್ಕ ಹಾಗೆ ಎಲೆ ಎಲೆ ಚಿತ್ರದ ಷರಟು, ಎಲೆ ಎಲೆ ಚಿತ್ರದ ಪ್ಯಾಂಟು. ಹಾಕಿಕೊಂಡು ಮೊದಲ ಸಲ ಹೊರಟಾಗ ಜಯ ಕೇಳಿದಳು:

"ವತ್ಸ, ಎಲ್ಲಿದೀಯ? ಕಾಣ್ತಾನೇ ಇಲ್ಲ."

"ಜೋಕಾ? ಹಂದಿಗೆ ಕಾಣಬಾರದು ಅಂತ ಇದು."

"ಹಂದಿಗೆ ಕಾಣದಿದ್ರೂ ಪರವಾಗಿಲ್ಲ, ನಿನಗೆ ಹಂದಿ ಕಾಣಬೇಕಲ್ಲ."

ಹೌದು, ಹಂದಿ ಬೇಟೆ. ಇಲ್ಲಿ ಕಾಡುಹಂದಿ ಹೊಲ ಅಗೆದು, ಹಳ್ಳದ ದಂಡೆ ಕೆಡಿಸಿ, ರೈತರ ಹೊಟ್ಟೆ ಉರಿಸುತ್ತವೆ. ಜಮೀನಿನ ಒಡೆಯರು ಒಪ್ಪಿದರೆ ಹೋಗಿ ಹೊಡೆಯಬಹುದು. ಹಾಗೆ ಇವನಿಗೆ ಜಾಗ ಕೊಟ್ಟಿದ್ದವಳು ಬೆರಿಲ್ ಅಂತ ಒಬ್ಬಳು ಮುದುಕಿ. ನನ್ನ ವಯಸ್ಸಿನವಳೇ, ಗಂಡ ಇಲ್ಲ, ಇಪ್ಸ್‌ವಿಚ್‌ನಿಂದ ಆಚೆ ದನ ಸಾಕಿಕೊಂಡು ಒಬ್ಬಳೇ ಇದ್ದಳು. ಅಳಿಯ ಇನ್ನೂ ಎಷ್ಟೋ ಜನರನ್ನು ಕೇಳಿದ್ದನಂತೆ, ಒಬ್ಬರೂ ಗೇಟು ತೆಗೆದಿರಲಿಲ್ಲ. ಅವನಿಗಿದ್ದ ಕಾಡೆಲ್ಲ ಅದೊಂದೇ.

ಆ ಕಾಡನ್ನೂ ಅವನು ಕಳಕೊಳ್ಳುವ ಹಾಗೆ ಆಗಿದ್ದು ಬಾಣದ ಅಲಗಿನಿಂದ. ಬ್ರಾಡ್‌ಹೆಡ್ ಅಂತಾರೆ ಅದಕ್ಕೆ, ಬಾಣದ ತುದಿಗೆ ತಿರುಗಿಸಿ ಕೂರಿಸುವ ಅಲಗು. ಯಾವ ಅಲಗು ತಗೋಬೇಕು ಅನ್ನೋದಕ್ಕೆ ಅಡಿಲೇಡ್‌ನಲ್ಲಿ ಅವನ ಗೆಳೆಯ ರಾಘು ಇದ್ದ, ಅವನೇ ಗುರು. ಫೋನ್ ಗುರು. ರಾಘು ಜೀವಮಾನದಲ್ಲಿ ಹೊಡೆದದ್ದು ತನ್ನ ಹಿತ್ತಲಲ್ಲಿಟ್ಟ ಸ್ಪಂಜಿನ ಜಿಂಕೆ ಒಂದನ್ನೇ ಅಂತ ಜಯ ಹೇಳುತ್ತಿದ್ದಳು. ಆದರೂ ಫೋನು ಹಿಡಿದರೆ ಗಂಟೆಗಟ್ಟಲೆ ಉಪದೇಶ. ಎರಡು ಅಲಗಿನದ್ದೋ, ಮೂರು ಅಲಗಿನದ್ದೋ, ಭಾರ ಎಷ್ಟಿರಬೇಕು, ಗಾಳಿಗೆ ತೇಲುತ್ತೋ ಇಲ್ಲವೋ. ನನ್ನ ಮಗಳನ್ನು ಮೊದಲ ಸಲ ಕಂಡ ದಿನ ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಹೂಂ ಅಂದವನು, ಅಂಗೈಯಷ್ಟೂ ಇಲ್ಲದ ಕಬ್ಬಿಣದ ತುಂಡು ಆರಿಸೋಕೆ ಇಡೀ ಬೇಸಿಗೆ ತಗೊಂಡ.

ಕೊನೆಗೆ ರಾಘು ಮಾತು ಕೇಳಿ ತರಿಸಿದ್ದು ಮಡಚುವ ಅಲಗು. ಹಾರುವಾಗ ಮಡಚಿಕೊಂಡಿರುತ್ತೆ, ಪ್ರಾಣಿಗೆ ತಾಗಿದ ಕೂಡಲೇ ಛತ್ರಿ ಥರ ಬಿಚ್ಚಿಕೊಳ್ಳುತ್ತೆ. ತೋರಿಸಿದ. "ನೋಡಿ ಅತ್ತೆ, ಎಂಥ ಟೆಕ್ನಾಲಜಿ!"

"ಚೆನ್ನಾಗದೆ ಅಳಿಯಂದ್ರೇ. ಬಾಗಿಲಲ್ಲೇ ಛತ್ರಿ ಬಿಚ್ಚಿದ್ರೆ ಒಳಕ್ಕೆ ಹೋಗೋದು ಹೆಂಗೆ?" ಅಂದೆ. ತಿಳಿದು ಅಂದದ್ದಲ್ಲ, ಸುಮ್ಮನೆ ಕುಟುಕಿದ್ದು. ಹಂದಿಯ ಕಥೆಯೂ ಹಾಗೇ ಆಯಿತು. ಹಳೇ ಗಂಡುಹಂದಿಗೆ ಭುಜದ ಮೇಲೆ ಚರ್ಮದಡಿ ಹಲಗೆ ಹೊಡೆದಂಥ ಗಟ್ಟಿ ಪದರ ಇರುತ್ತಂತೆ. ಛತ್ರಿ ಅಲ್ಲೇ ಬಿಚ್ಚಿಕೊಂಡಿತು. ಬಾಣ ಅರ್ಧ ಹೊರಗೆ, ಅರ್ಧ ಒಳಗೆ. ಹಂದಿ ಅದನ್ನು ಹೊತ್ತುಕೊಂಡು ಓಡಿಹೋಯಿತು. ಇವನು ಸ್ವಲ್ಪ ದೂರ ರಕ್ತದ ಗುರುತು ಹಿಡಿದು ಹೋದನಂತೆ, ಆಮೇಲೆ ತಲೆ ಸುತ್ತಿ ಕೂತನಂತೆ, ಆಮೇಲೆ ಮನೆಗೆ ಬಂದ. ಐದನೇ ದಿನ ಬೆರಿಲ್ ಫೋನು. ಹಂದಿ ಅವಳ ದನ ನೀರು ಕುಡಿಯುವ ಹೊಂಡಕ್ಕೆ ಬಿದ್ದು ಸತ್ತು ಊದಿಕೊಂಡಿತ್ತು. ದನ ಹೊಂಡದ ಹತ್ತಿರ ಸುಳಿಯುತ್ತಿಲ್ಲ. ಮೊದಲ ಮೂರು ದಿನ ಅದಕ್ಕೆ ಜೀವ ಇತ್ತು ಅಂತ ಬೆರಿಲ್ ಹೇಳಿದಳು, ಪೊದೆ ಒಳಗೆ ಅರಚುತ್ತಿದ್ದುದು ಅವಳ ಅಡುಗೆಮನೆಗೆ ಕೇಳಿಸುತ್ತಿತ್ತಂತೆ.

ನಾನು ಕುರಿ ಕೋಳಿ ಬೇಕಾದಷ್ಟು ಕಂಡವಳು. ಕೊಲ್ಲೋದು ತಪ್ಪು ಅಂತ ನನ್ನ ಬಾಯಲ್ಲಿ ಬರೋದಿಲ್ಲ. ಅರೆಬರೆ ಕೊಂದು ಮನೆಗೆ ಬಂದು ಸ್ನಾನ ಮಾಡಿ ಮಲಗೋದಿದೆಯಲ್ಲ, ಅದಕ್ಕೆ ನಮ್ಮೂರಲ್ಲಾಗಿದ್ದರೆ ಅಟ್ಟಾಡಿಸಿಕೊಂಡು ಹೊಡೆಯುತ್ತಿದ್ದರು. ಅವನಿಗೂ ಅಷ್ಟೇ ಅಂದೆ.

ಬೆರಿಲ್ ಒಂದು ಅವಕಾಶ ಕೊಟ್ಟಳು. ಗೇಟಿನ ಹತ್ತಿರ ಅವಳೇ ನಿಂತಿರುತ್ತಾಳೆ. ಒಂದು ರಬ್ಬರ್ ಬ್ಯಾಂಡ್ ಎಳೆದು ಹಿಡಿಯುತ್ತಾಳೆ. ಅಲಗು ಮುಟ್ಟಿದ ಕೂಡಲೇ ಅದು ಕಡಿದುಹೋಗಬೇಕು. ಕಡಿಯದಿದ್ದರೆ ಹಂಗೇ ವಾಪಸ್, ಮತ್ತೆ ಆ ದಾರಿಗೆ ಬರುವ ಹಾಗಿಲ್ಲ. ರಬ್ಬರ್ ಬ್ಯಾಂಡ್ ಎಳೆದರೆ ಮಾಂಸದ ಹಾಗೆ, ರಕ್ತನಾಳದ ಹಾಗೆ ಜಾರುತ್ತಂತೆ. ಮೊಂಡು ಅಲಗು ಅದನ್ನು ಪಕ್ಕಕ್ಕೆ ತಳ್ಳುತ್ತೆ, ಹರಿತ ಅಲಗು ಕಡಿಯುತ್ತೆ.

ಅಲ್ಲಿಂದ ಶುರುವಾಯಿತು ನೋಡಿ ಮಸೆಯೋ ಕಾಂಡ.

ಛತ್ರಿ ಕಸದ ಬುಟ್ಟಿಗೆ ಹೋಯಿತು. ಈ ಸಲ ರಾಘುವನ್ನು ಕೇಳದೆ ವೀಳ್ಯದೆಲೆಯ ಆಕಾರದ ಎರಡು ಬಾಯಿಯ ಗಟ್ಟಿ ಅಲಗು ಆರು ತಂದ. ಹೊಳಪು ಕೊಟ್ಟ ಸ್ಟೀಲಲ್ಲ, ನಮ್ಮ ಈಳಿಗೆಮಣೆಯ ಥರದ ಕಪ್ಪು ಕಬ್ಬಿಣ. ಚೆನ್ನಾಗಿ ಹರಿತ ಹಿಡಿಯುತ್ತೆ, ಆದರೆ ತೇವ ತಾಗಿದರೆ ತುಕ್ಕು. ಟೇಬಲ್ ಮೇಲೆ ಮೂರು ಬಗೆಯ ಮಸೆಗಲ್ಲು, ಎಣ್ಣೆ ಬಾಟಲಿ, ಅಲಗನ್ನು ಓರೆಯಾಗಿ ಹಿಡಿಯೋಕೆ ಒಂದು ಗಾಲಿ ಗಾಡಿ, ಕೊನೆಗೆ ಉಜ್ಜೋಕೆ ಅವನ ಹಳೇ ಬೆಲ್ಟು. ಅಂಚಿಗೆ ಕಪ್ಪು ಮಾರ್ಕರ್ ಬಳಿದುಕೊಂಡು ಉಜ್ಜುತ್ತಿದ್ದ. ಮಸಿ ಎಲ್ಲಿ ಉಳಿಯಿತೋ ಅಲ್ಲಿ ಕಲ್ಲು ತಾಗಿಲ್ಲ ಅಂತ ಲೆಕ್ಕ.

ನಮ್ಮಪ್ಪ ರಾಗಿ ಕುಯ್ಲಿಗೆ ಮುಂಚೆ ಕುಡುಗೋಲು ಮಸೆಯುತ್ತಿದ್ದದ್ದು ಬಾವಿಕಟ್ಟೆ ಕಲ್ಲಿಗೆ. ಬಾಯಲ್ಲಿ ಬೀಡಿ, ಮಾತೆಲ್ಲ ಪಕ್ಕದವರ ಜೊತೆ, ಕೈ ತನ್ನಷ್ಟಕ್ಕೆ ಆಡುತ್ತಿತ್ತು. ಹೆಬ್ಬೆರಳ ಉಗುರಿನ ಮೇಲೆ ಅಲಗಿಟ್ಟು ನೋಡೋನು. ಜಾರಿದರೆ ಮೊಂಡು, ಕಚ್ಚಿದರೆ ಸರಿ. ವರ್ಷಕ್ಕೊಂದು ಸಲ ಸಾಣೆ ಹಿಡಿಯೋನು ಸೈಕಲ್ ನಿಲ್ಲಿಸಿಕೊಂಡು ತುಳಿಯುತ್ತಾ ಕಿಡಿ ಹಾರಿಸಿದರೆ ನಾವು ಹುಡುಗಿಯರು ಲಂಗ ಎತ್ತಿಕಟ್ಟಿ ಕಿಡಿ ಹಿಡಿಯೋಕೆ ಹೋಗಿ ಬಟ್ಟೆ ಸುಟ್ಟುಕೊಂಡು ಏಟು ತಿನ್ನುತ್ತಿದ್ದೆವು. ಇದೆಲ್ಲ ಅಳಿಯನಿಗೆ ಹೇಳಿದೆ. ಅವನು ತಲೆಯೆತ್ತದೆ, "ಆ್ಯಂಗಲ್ ಎಷ್ಟಿತ್ತು ಅತ್ತೆ?" ಅಂದ. ಸತ್ತ ಅಪ್ಪನನ್ನು ಎಬ್ಬಿಸಿ ಕೇಳಬೇಕಿತ್ತು.

ಹರಿತ ನೋಡೋಕೆ ಅವನು ಮೊದಮೊದಲು ತನ್ನ ಎಡಗೈ ರೋಮ ಬೋಳಿಸಿಕೊಳ್ಳುತ್ತಿದ್ದ. ಎಡಗೈ ಮುಗಿಯಿತು. ಬಲಗೈ ಮುಗಿಯಿತು. ಒಂದು ದಿನ ಚಡ್ಡಿ ಹಾಕಿಕೊಂಡು ಟೂವಾಂಗ್‌ನ ಗೆಳೆಯರ ಮನೆಗೆ ಬಾರ್ಬಿಗೆ, ಅಂದರೆ ಹಿತ್ತಲಲ್ಲಿ ಮಾಂಸ ಸುಟ್ಟು ತಿನ್ನೋ ಕೂಟಕ್ಕೆ, ಹೋದರೆ ಕಾಲ ಮೇಲೂ ಚೌಕ ಚೌಕ ಬೋಳು. ಆ ಮನೆಯ ಸುಜಾತ ಜಯಳನ್ನು ಒಳಗೆ ಕರೆದು, "ಏನೇ ಇದು, ಹುಳಕಡ್ಡಿಯಾ? ನನ್ನ ಹತ್ರ ಒಳ್ಳೇ ಆಯಿಂಟ್‌ಮೆಂಟ್ ಇದೆ" ಅಂತ ಕೊಟ್ಟು ಕಳಿಸಿದಳು.

ನಾನು ನಗುತ್ತಿದ್ದೆ, ನಿಜ. ಆದರೆ ಇದ್ದದ್ದು ಇದ್ದಹಾಗೆ ಹೇಳಬೇಕು. ಆ ಚಳಿಗಾಲವೆಲ್ಲ ಅವನು ಆಫೀಸಿನಿಂದ ಬಂದು ಕೂತು ಉಜ್ಜಿದ. ಕೆಟ್ಟರೆ ಮೊದಲಿಂದ ಉಜ್ಜಿದ. ಫೋನು ಮುಟ್ಟಲಿಲ್ಲ. ಒಂದು ಸಂಜೆ ರಬ್ಬರ್ ಬ್ಯಾಂಡ್ ಎಳೆದು ಹಿಡಿಯಿರಿ ಅತ್ತೆ ಅಂದ. ಹಿಡಿದೆ. ಅಲಗು ತಾಗಿದ್ದೇ ಗೊತ್ತಾಗಲಿಲ್ಲ, ಟಪ್ ಅಂತ ಎರಡೂ ತುದಿ ನನ್ನ ಬೆರಳಿಗೆ ಹೊಡೆದವು. ಆರಕ್ಕೆ ಆರೂ ಹಾಗೇ. ಅವನ ಮುಖ ನೋಡಬೇಕಿತ್ತು. ಜಯ ಕೂಡ ಪಾತ್ರೆ ತೊಳೆಯೋದು ಬಿಟ್ಟು ಬಂದು ನೋಡಿದಳು. "ಹೋಗ್ಲಿ, ಒಂದು ಕೆಲಸ ಪೂರ್ತಿ ಮಾಡಿದೆ" ಅಂದಳು. ಅವಳ ಬಾಯಲ್ಲಿ ಅದು ದೊಡ್ಡ ಮಾತು.

ಬೆರಿಲ್ ಶನಿವಾರ ಬೆಳಿಗ್ಗೆ ಬಾ ಅಂದಳು. ಆ ಶನಿವಾರ ವಿಜಯದಶಮಿ. ಅಂದರೆ ಶುಕ್ರವಾರ ಆಯುಧಪೂಜೆ.

ನಿಮಗೆ ಈಗಾಗಲೇ ಹೊಳೆದಿರಬೇಕು. ಅವನಿಗೆ ಹೊಳೆಯಲಿಲ್ಲ.

ವರ್ಷವೆಲ್ಲ ದೇವರ ಮನೆ ಕಡೆ ತಲೆ ಹಾಕದವನು ಅವತ್ತು ಮಡಿಪಂಚೆ ಉಟ್ಟುಕೊಂಡ. ಕಾರು, ಲ್ಯಾಪ್‌ಟಾಪು, ಹುಲ್ಲು ಕತ್ತರಿಸೋ ಮಿಷನ್ನು, ನನ್ನ ಮಿಕ್ಸಿ, ಎಲ್ಲಕ್ಕೂ ಕುಂಕುಮ. ದೇವರ ಮುಂದೆ ಬಿಲ್ಲು, ಆರು ಬಾಣ, ಮಸೆಗಲ್ಲು, ಗಾಲಿ ಗಾಡಿ, ಬೆಲ್ಟು. ಫೋನಲ್ಲಿ ಮಂತ್ರ ಹಾಕಿದ. ಅಲಗುಗಳಿಗೆ ನೀರಲ್ಲಿ ಕಲಸಿದ ವಿಭೂತಿ, ಅದರ ಮೇಲೆ ಗಂಧ, ಅದರ ಮೇಲೆ ಅರಿಶಿನ ಕುಂಕುಮ. ಅಷ್ಟಕ್ಕೇ ಬಿಟ್ಟಿದ್ದರೆ ಒಂದು ಮಾತು. ಒಂದೊಂದು ಬಾಣದ ಮೊನೆಗೂ ಒಂದೊಂದು ನಿಂಬೆಹಣ್ಣು ಚುಚ್ಚಿದ. ಮಾರಿಗುಡಿಯ ತ್ರಿಶೂಲಕ್ಕೆ ಚುಚ್ಚುತ್ತಾರಲ್ಲ, ಹಾಗೆ. ಫೋಟೋ ತೆಗೆದು ಎಲ್ಲರಿಗೂ ಕಳಿಸಿದ. ಅಡಿಲೇಡ್ ರಾಘುವಿನಿಂದ ಆ ಕ್ಷಣವೇ ಕೈಮುಗಿದ ಚಿತ್ರ ಬಂತು.

"ರಸ ಇಳೀತಾ ಅದೆ ಅಳಿಯಂದ್ರೇ, ಒರೆಸಿಬಿಡಿ" ಅಂದೆ.

"ಪೂಜೆಗಿಟ್ಟ ಆಯುಧ ಮುಟ್ಟಬಾರದು ಅತ್ತೆ. ನಾಳೆ ಬೆಳಿಗ್ಗೆ ಆರತಿ ಆದಮೇಲೇ ಎತ್ತೋದು. ನಿಮಗೆ ಗೊತ್ತಿಲ್ವಾ?"

ನನಗೆ ಗೊತ್ತಿಲ್ಲದೇ ಏನು. ನಮ್ಮನೇಲೂ ನೇಗಿಲು ಕುಡುಗೋಲು ಇಡುತ್ತಿದ್ದರು. ಆದರೆ ನಾಳೆ ಕುಯ್ಲಿದ್ದರೆ ಇವತ್ತು ಯಾರೂ ಕುಡುಗೋಲಿಗೆ ಹುಳಿ ಸುರಿಯುತ್ತಿರಲಿಲ್ಲ.

ಬೆಳಿಗ್ಗೆ ಆರತಿ ಎತ್ತಿದ, ನಿಂಬೆಹಣ್ಣು ಕಿತ್ತ, ಬಾಣ ಪೆಟ್ಟಿಗೆಗೆ ಹಾಕಿದ. ಕುಂಕುಮ ಒರೆಸಲಿಲ್ಲ, ವಿಜಯದಶಮಿ ದಿನ ಒರೆಸಿದರೆ ಅಪಶಕುನವಂತೆ. ಜಯಳಿಗೆ ಡ್ಯೂಟಿ ಇತ್ತು. "ಅವ್ವ, ನೀನೂ ಜೊತೇಲಿ ಹೋಗು, ಈ ಸಲವೂ ತಲೆ ಸುತ್ತಿ ಬಿದ್ರೆ ನೀರು ಚಿಮುಕಿಸೋಕಾದ್ರೂ ಒಬ್ಬರಿರಲಿ" ಅಂತ ನನ್ನನ್ನೂ ಕಾರು ಹತ್ತಿಸಿದಳು.

ಬೆರಿಲ್ ಗೇಟಿಗೆ ಒರಗಿಕೊಂಡು ನಿಂತಿದ್ದಳು. ಒಣಗಿದ ಸೌದೆಯಂಥ ಹೆಂಗಸು, ಗಂಡಸರ ಟೋಪಿ, ಮಂಡಿವರೆಗೆ ಬೂಟು. ಮಣಿಕಟ್ಟಿಗೆ ಬಳೆ ಹಾಕಿಕೊಂಡಂತೆ ರಬ್ಬರ್ ಬ್ಯಾಂಡ್. ಅಳಿಯ ಪೆಟ್ಟಿಗೆ ತೆಗೆದ. ಒಳಗಿಂದ ಊದುಬತ್ತಿ ವಾಸನೆ ಗಮ್ಮಂತ ಬಂತು. ಬೆರಿಲ್ ಮೂಗು ಮುಂದೆ ತಂದು, "ಏನಿದು ವಾಟ್ಸ್, ಸೆಂಟು ಹೊಡೆದಿದೀಯ? ಹಂದಿಗೆ ಮೂಗಿಲ್ಲ ಅಂದ್ಕೊಂಡ್ಯಾ?" ಅಂದಳು. ಅವಳ ಮಾತು ನನಗೆ ಅಳಿಯ ಆಮೇಲೆ ಹೇಳಿದ್ದು, ಆದರೆ ಅವಳ ಮೂಗು ನೋಡಿಯೇ ನನಗೆ ಅರ್ಥವಾಗಿತ್ತು. ಆಮೇಲೆ ಅಲಗು ನೋಡಿದಳು. ಕೆಂಪು ಕಂಡು, "ಇದು ಹಳೇ ರಕ್ತವಾ?" ಅಂದಳು.

ರಕ್ತವಲ್ಲ, ದೇವರು ಅಂತ ಅವನು ವಿವರಿಸಿದ. ಉಗುರಲ್ಲಿ ಕೆರೆದ. ಕುಂಕುಮದಡಿ ಗಂಧ, ಗಂಧದಡಿ ವಿಭೂತಿ, ವಿಭೂತಿಯಡಿ ತುಕ್ಕು. ಚಳಿಗಾಲವೆಲ್ಲ ಕೂತು ಎತ್ತಿದ ಅಂಚನ್ನು ನಿಂಬೆರಸ ಒಂದು ರಾತ್ರೀಲಿ ತಿಂದುಹಾಕಿತ್ತು. ಬೆರಿಲ್ ರಬ್ಬರ್ ಬ್ಯಾಂಡ್ ಎಳೆದು ಹಿಡಿದಳು. ಅಲಗು ತಾಗಿತು. ಬ್ಯಾಂಡು ಬಗ್ಗಿತು, ಸರಿಯಿತು, ಕಡಿಯಲಿಲ್ಲ. ಎರಡನೇ ಬಾಣ, ಮೂರನೇ ಬಾಣ, ಎಲ್ಲ ಒಂದೇ ಕಥೆ.

"ಕಲ್ಲು ತಂದಿದೀಯಾ? ಇಲ್ಲೇ ಕೂತು ಮಸೆ, ಕಾಯ್ತೀನಿ" ಅಂದಳು ಬೆರಿಲ್. ಒಳ್ಳೇ ಹೆಂಗಸೇ.

ಕಲ್ಲು ಎಲ್ಲಿತ್ತು? ಮನೆಯಲ್ಲಿ, ದೇವರ ಮುಂದೆ, ಸೇವಂತಿಗೆ ಹೂವಿನಡಿ. ಗಾಲಿ ಗಾಡಿಯೂ ಅಲ್ಲೇ. ಬೆಲ್ಟೂ ಅಲ್ಲೇ.

ಅವಳು ಒಳಗೆ ಹೋಗಿ ಕೊಡಲಿ ಮಸೆಯುವ ಒರಟು ಕಲ್ಲು ತಂದಳು. ಅಳಿಯ ಕಾರಿನ ಹಿಂದೆ ಕೂತು ಉಜ್ಜಿದ. ಕಲ್ಲು ಕರಕರ ಅನ್ನುತ್ತಿತ್ತು. ನೋಡಲಾರದೆ ನಾನು, "ಕೊಡಿ ಇಲ್ಲಿ, ಕುಡುಗೋಲು ಮಸೆದೋರ ಮಗಳು ನಾನು" ಅಂತ ಕಿತ್ತುಕೊಂಡೆ. ಉಗುಳು ಹಾಕಿ ನಮ್ಮಪ್ಪನ ಥರ ನಾಲ್ಕು ಸಲ ಎಳೆದೆ. ಕುಡುಗೋಲೇ ಬೇರೆ, ಇದೇ ಬೇರೆ. ಇದ್ದ ಅಂಚೂ ಅಲೆ ಅಲೆಯಾಗಿ ಎದ್ದುಬಂತು. ಬೆರಿಲ್ ನನ್ನ ಕೆಲಸ ನೋಡಿ ಬಾಯಿ ಮುಚ್ಚಿಕೊಂಡು ನಕ್ಕಳು. ನನಗೆ ಕೋಪ ಬಂತು, ಏನು ಮಾಡಲಿ, ನಗು ನ್ಯಾಯವಾದದ್ದೇ.

ಬಿಸಿಲೇರಿತು. ಕೊನೇ ಸಲ ರಬ್ಬರ್ ಬ್ಯಾಂಡ್ ಎಳೆದಳು. ಕಡಿಯಲಿಲ್ಲ.

"ಸಾರಿ, ಮೇಟ್" ಅಂದಳು. ಅದು ನನಗೂ ಅರ್ಥವಾಯಿತು. ಅವನು ಇನ್ನೊಂದು ವಾರ ಕೊಡಿ ಅಂದ. ಅವಳು ಆಗಲ್ಲ ಅಂತ ತಲೆಯಾಡಿಸಿದಳು. ಹೊಂಡ ತೊಳೆಸೋಕೆ ಅವಳು ಪಟ್ಟ ಪಾಡು ಅವಳಿಗೆ ಗೊತ್ತು. ಹೊರಡುವಾಗ ನನ್ನ ಕಡೆ ಬೆರಳು ತೋರಿ ಏನೋ ಕೇಳಿದಳು. ಅಳಿಯ ಸತ್ತ ದನಿಯಲ್ಲಿ, "ನೀವು ಆಡಿನ ಮಾಂಸ ತಿಂತೀರಾ ಅಂತ ಕೇಳ್ತಿದಾರೆ" ಅಂದ. ಹೂಂ ಅಂತ ತಲೆ ಅಲ್ಲಾಡಿಸಿದ ರಭಸಕ್ಕೆ ನನ್ನ ಕತ್ತು ಉಳುಕುವುದರಲ್ಲಿತ್ತು. ತಾನೇ ಸಾಕಿದ ಆಡಿನ ಹಿಂಗಾಲು ಪೂರ್ತಿ ಒಂದನ್ನು ತಂದು ನನ್ನ ಮಡಿಲಿಗೆ ಹಾಕಿದಳು.

ವಾಪಸ್ ಬರುವಾಗ ಸರ್ವೋದಲ್ಲಿ, ಅಂದರೆ ಪೆಟ್ರೋಲ್ ಬಂಕಲ್ಲಿ, ಪೆಟ್ರೋಲು ಹಾಕಿ ಅವನು ಒಂದು ಮೀಟ್ ಪೈ, ಅದೇ ಒಳಗೆ ಮಾಂಸ ತುಂಬಿದ ಕಡುಬು, ತಗೊಂಡ. ನನಗೆ ಪಾಪ ಅನಿಸಿತ್ತು. ಸೋತವನು, ತಿನ್ನಲಿ ಬಿಡು. ಕಾರಿಗೆ ಒರಗಿ ನಿಂತು, ಒಂದು ಕೈಯಲ್ಲಿ ಪೈ, ಇನ್ನೊಂದು ಕೈಯಲ್ಲಿ ಫೋನು. ಹೆಬ್ಬೆರಳು ಓಡುತ್ತಿತ್ತು. ಬೆರಿಲ್‌ಗೆ ಏನಾದರೂ ಬರೀತಿದ್ದಾನೇನೋ ಅಂದುಕೊಂಡೆ.

ಸಂಜೆ ದಸರಾ ಬೊಂಬೆ ನೋಡೋಕೆ ಸುಜಾತ ಮನೆಗೆ ಹೋದಾಗ ಗೊತ್ತಾಯಿತು. ಬಾಗಿಲಲ್ಲೇ ಅವಳು, "ಎಂಥ ದೊಡ್ಡ ಮನಸ್ಸು ವತ್ಸ ನಿಮ್ಮದು!" ಅಂದಳು. ಒಳಗಿದ್ದವರೆಲ್ಲ ಎದ್ದು ಕೈ ಕುಲುಕಿದರು. ಪೈ ತಿನ್ನುತ್ತಾ ಅವನು ಫೋನಲ್ಲಿ ಬರೆದು ಎಲ್ಲರಿಗೂ ಕಳಿಸಿದ್ದನ್ನು ನನಗೆ ಓದಿ ಹೇಳಿದರು. ವಿಜಯದಶಮಿಯ ಮುಂಜಾವು ಕಾಡಿನ ಅಂಚಿನಲ್ಲಿ ಬಿಲ್ಲೆತ್ತಿದಾಗ ಅವನೊಳಗೆ ಏನೋ ಕರಗಿತಂತೆ. ಬಾಣ ತಾನಾಗಿ ಕೆಳಗಿಳಿಯಿತಂತೆ. ಇನ್ನು ಬೇಟೆಯೂ ಇಲ್ಲ, ಮಾಂಸವೂ ಇಲ್ಲ, ಎಲ್ಲ ಜೀವವೂ ಒಂದೇ. ಕೆಳಗೆ ನಿಂಬೆಹಣ್ಣು ಚುಚ್ಚಿದ ಬಾಣದ ಫೋಟೋ.

"ಆಂಟಿ, ನೀವು ಜೊತೇಲೇ ಇದ್ರಂತೆ. ಕಣ್ಣಲ್ಲಿ ನೀರು ಬಂದಿರಬೇಕಲ್ವಾ?" ಅಂದಳು ಸುಜಾತ.

ಅಳಿಯ ನನ್ನನ್ನೇ ನೋಡುತ್ತಿದ್ದ. ಅಲಗು ಕೆಟ್ಟದ್ದು ಹೇಳಿದ್ದರೆ ಅವನ ಪರವಾಗಿ ನಾನೇ ನಾಲ್ಕು ಮಾತಾಡುತ್ತಿದ್ದೆ. ಚಳಿಗಾಲವೆಲ್ಲ ಮಸೆದ ಕಣ್ರಪ್ಪ, ಕೈ ಕಾಲು ಬೋಳಿಸಿಕೊಂಡ, ಒಂದು ನಿಂಬೆಹಣ್ಣು ಕೆಡಿಸಿತು ಅಂತ. ಅದು ನಿಜವಾದ ಮಾತು, ಗಂಡಸಿನ ಮಾತು. ಮೂರು ದಿನ ಅರಚಿ ಸತ್ತ ಹಂದಿಯ ಬಗ್ಗೆ ಆ ಬರಹದಲ್ಲಿ ಒಂದಕ್ಷರ ಇರಲಿಲ್ಲ.

"ಬಂತು ಕಣವ್ವ, ನೀರು ಬಂತು" ಅಂದೆ. ಜಯ ನನ್ನ ಕಡೆ ತಿರುಗಿ, "ಏನು ನಡೀತವ್ವ ಅಲ್ಲಿ?" ಅಂತ ಕಿವಿಯಲ್ಲಿ ಕೇಳಿದಳು. "ಮನೆಗೆ ನಡಿ" ಅಂದೆ.

ಮಾರನೇ ದಿನ ಭಾನುವಾರ. ಬೆಳಿಗ್ಗೆ ಎದ್ದವಳೇ ಆಡಿನ ಕಾಲು ಈಳಿಗೆಮಣೆಗೆ ಕೊಟ್ಟೆ. ಕೊತ್ತಂಬರಿ ಬೀಜ ಹುರಿದು, ಚಕ್ಕೆ ಲವಂಗ, ಒಂದು ಹಿಡಿ ಬೆಳ್ಳುಳ್ಳಿ, ಕಾಯಿ ಹಾಕಿ ರುಬ್ಬಿದೆ. ಕುಕ್ಕರ್ ಕೂಗುವ ಹೊತ್ತಿಗೆ ಮುದ್ದೆ ತೊಳಸಿದೆ. ಅಳಿಯನಿಗೆ ಆಗಲೂ ಫೋನು ಬರುತ್ತಲೇ ಇತ್ತು, ಹೌದು ಸರ್, ಥ್ಯಾಂಕ್ಸ್ ಸರ್, ಎಲ್ಲ ದೈವಪ್ರೇರಣೆ ಸರ್ ಅನ್ನುತ್ತಾ ವಾಸನೆ ಹಿಡಿದುಕೊಂಡು ಬಂದು ಟೇಬಲ್ಲಿಗೆ ಕೂತ, ತಟ್ಟೆ ಎಳೆದುಕೊಂಡ. ಜಯಳಿಗೆ ಬಡಿಸಿದೆ. ನನಗೆ ಬಡಿಸಿಕೊಂಡೆ. ಅವನ ತಟ್ಟೆಗೆ ಅನ್ನ ಹಾಕಿ, ರಾತ್ರಿ ಉಳಿದಿದ್ದ ತಿಳಿಸಾರು ಬಿಸಿ ಮಾಡಿ ಬಿಟ್ಟೆ.